ಗೋಡೆಯ ಕ್ಯಾಲೆಂಡರ್ ನೋಡಿ ಕೆಲಸ ಹುಡುಕಿ: ಹೈಸ್ಕೂಲು, ಪಿಯು ಮಕ್ಕಳ ಸಣ್ಣ ಸಂಪಾದನೆಗೊಂದು ಸಮಗ್ರ ಮಾರ್ಗದರ್ಶಿ

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದು ಮೂರು ದಿನ ಕಳೆಯುವಷ್ಟರಲ್ಲಿ "ಏನಾದ್ರೂ ಮಾಡಿ ನಾಲ್ಕು ಕಾಸು ಸಂಪಾದಿಸ್ಬೇಕು" ಅನ್ನಿಸದ ಮಕ್ಕಳು ಕಡಿಮೆ. ಒಬ್ಬರಿಗೆ ಸೈಕಲ್ಲಿಗೆ ಹೊಸ ಟೈರು ಬೇಕು, ಒಬ್ಬರಿಗೆ ಪಿಯು ಕಾಲೇಜಿಗೆ ಹೋಗುವ ಬಸ್‌ಪಾಸಿನ ದುಡ್ಡು, ಮತ್ತೊಬ್ಬರಿಗೆ ಮನೆಯಲ್ಲಿ ಕೇಳಲು ಸಂಕೋಚವಾಗುವ ಒಂದು ಜೊತೆ ಶೂ. ಮೊಬೈಲಿನಲ್ಲಿ ಹುಡುಕಿದರೆ ಲಾನ್ ಕತ್ತರಿಸಿ, ಅಂಗಳದ ಹಿಮ ಗುಡಿಸಿ, ನೆರೆಮನೆಯ ನಾಯಿಯನ್ನು ಓಡಾಡಿಸಿ ಎಂಬ ಸಲಹೆಗಳು ಸಿಗುತ್ತವೆ. ನಮ್ಮ ಬೀದಿಗಳಲ್ಲಿರುವ ಕೆಲಸಗಳೇ ಬೇರೆ.

ನಮ್ಮೂರುಗಳಲ್ಲಿ ಸಣ್ಣಪುಟ್ಟ ಕೆಲಸ ವರ್ಷವಿಡೀ ಒಂದೇ ಸಮನಾಗಿ ಇರುವುದಿಲ್ಲ. ಶಾಲೆ ಶುರುವಾಗುವ ವಾರ ಒಂದು ಬಗೆಯ ಕೆಲಸ, ಹಬ್ಬದ ಹಿಂದಿನ ವಾರ ಇನ್ನೊಂದು ಬಗೆ, ಬೇಸಿಗೆ ರಜೆಯಲ್ಲಿ ಎಲ್ಲರೂ ಊರಿಗೆ ಹೊರಟಾಗ ಮತ್ತೊಂದು. ಹಾಗಾಗಿ "ಏನು ಕೆಲಸ ಮಾಡಲಿ?" ಎಂದು ತಲೆ ಕೆಡಿಸಿಕೊಳ್ಳುವ ಬದಲು ಗೋಡೆಯ ಕ್ಯಾಲೆಂಡರನ್ನು ಇಳಿಸಿ, ಪೆನ್ಸಿಲ್ ಹಿಡಿದು ಕೂರಿ. ಯಾವ ತಿಂಗಳಲ್ಲಿ ಯಾವ ಮನೆಗೆ ಕೈ ಸಾಲುವುದಿಲ್ಲ ಎನ್ನುವುದು ಅದರಲ್ಲೇ ಕಾಣುತ್ತದೆ.

ಮೊದಲ ಹೆಜ್ಜೆ: ವಯಸ್ಸು ಮತ್ತು ಕಾನೂನು

ಇದನ್ನು ಬಿಟ್ಟು ಮುಂದಕ್ಕೆ ಹೋಗಬೇಡಿ, ಅಪ್ಪ ಅಮ್ಮನಿಗೂ ಓದಿ ಹೇಳಿ. 1986ರ ಬಾಲ ಕಾರ್ಮಿಕ ಕಾಯ್ದೆಗೆ 2016ರಲ್ಲಿ ದೊಡ್ಡ ತಿದ್ದುಪಡಿ ಆಯಿತು. ಅದರ ಪ್ರಕಾರ 14 ವರ್ಷ ತುಂಬದವರನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಅವರು ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ತಮ್ಮ ಮನೆಯವರಿಗೆ, ಮನೆಯ ಕಸುಬಿಗೆ ಕೈಜೋಡಿಸಬಹುದು, ಅದೂ ಅಪಾಯವಿಲ್ಲದ ಕೆಲಸಕ್ಕೆ ಮಾತ್ರ. ಹಾಗಾಗಿ ಇಲ್ಲಿ ಬರೆದಿರುವುದೆಲ್ಲ 14 ದಾಟಿದವರಿಗೆ.

14ರಿಂದ 18ರ ನಡುವಿನವರನ್ನು ಕಾಯ್ದೆ ಕಿಶೋರರು ಎನ್ನುತ್ತದೆ. ಗಣಿ, ಸ್ಫೋಟಕ, ಬೇಗ ಬೆಂಕಿ ಹಿಡಿಯುವ ವಸ್ತು, ಅಪಾಯಕಾರಿ ಎಂದು ಪಟ್ಟಿ ಮಾಡಿದ ಪ್ರಕ್ರಿಯೆಗಳು, ಇವುಗಳಲ್ಲಿ ಅವರನ್ನು ದುಡಿಸುವಂತಿಲ್ಲ. ಬೇರೆ ಅಂಗಡಿ, ಹೋಟೆಲ್, ವರ್ಕ್‌ಶಾಪುಗಳಲ್ಲಿ ದುಡಿಸಬಹುದಾದರೂ ಹೊತ್ತಿಗೆ ಮಿತಿ ಇದೆ. ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸ ಕೂಡದು. ಒಂದೇ ಸಮ 3 ಗಂಟೆಗಿಂತ ಹೆಚ್ಚು ಮಾಡಿಸುವಂತಿಲ್ಲ, ಆಮೇಲೆ ಕನಿಷ್ಠ 1 ಗಂಟೆ ವಿರಾಮ ಕೊಡಬೇಕು. ವಿರಾಮವನ್ನೂ ಕಾಯುವ ಹೊತ್ತನ್ನೂ ಸೇರಿಸಿ ದಿನಕ್ಕೆ 6 ಗಂಟೆ ಮೀರಬಾರದು. ಓವರ್‌ಟೈಮ್ ಇಲ್ಲ, ವಾರಕ್ಕೊಂದು ರಜೆ ಬೇಕೇ ಬೇಕು. ನೆರೆಮನೆಯ ಗಿಡಕ್ಕೆ ನೀರು ಹಾಕುವುದಕ್ಕೂ ಅಂಗಡಿ ಕೆಲಸಕ್ಕೂ ವ್ಯತ್ಯಾಸವಿದೆ, ನಿಜ. ಆದರೂ ಎರಡಕ್ಕೂ ಇದೇ ಅಳತೆ ಇಟ್ಟುಕೊಂಡರೆ ಓದೂ ಉಳಿಯುತ್ತದೆ, ಮೈಯೂ ಉಳಿಯುತ್ತದೆ. ಯಾರಾದರೂ ಹೆದರಿಸಿ ದುಡಿಸಿದರೆ, ಹೊಡೆದರೆ, ಮೈಮುಟ್ಟಿದರೆ 1098ಕ್ಕೆ ಫೋನ್ ಮಾಡಬಹುದು. ಅದು ಮಕ್ಕಳ ಸಹಾಯವಾಣಿ, ಕರೆಗೆ ದುಡ್ಡಿಲ್ಲ.

ಇನ್ನು ಗಾಡಿ. 16 ತುಂಬಿದವರಿಗೆ ಸಿಗುವ ಲೈಸೆನ್ಸು 50 ಸಿಸಿ ಒಳಗಿನ ಗೇರಿಲ್ಲದ ಗಾಡಿಗೆ ಮಾತ್ರ. ಅಪ್ಪನ ಸ್ಕೂಟರ್ ತೆಗೆದುಕೊಂಡು ಸಾಮಾನು ತಂದುಕೊಡುವ ಕೆಲಸ ಹಿಡಿದು ಸಿಕ್ಕಿಬಿದ್ದರೆ, 2019ರ ಮೋಟಾರು ವಾಹನ ತಿದ್ದುಪಡಿಯ ಪ್ರಕಾರ ದಂಡ ಬೀಳುವುದು ಗಾಡಿಯ ಮಾಲೀಕರಿಗೆ ಅಥವಾ ಪೋಷಕರಿಗೆ. ದಂಡ 25,000 ರೂಪಾಯಿ, ಜೊತೆಗೆ 3 ವರ್ಷದವರೆಗೆ ಜೈಲು, 12 ತಿಂಗಳು ಗಾಡಿಯ ನೋಂದಣಿ ರದ್ದು. ನಿಮ್ಮ ಕೆಲಸದ ವ್ಯಾಪ್ತಿ ನಡೆದು ಅಥವಾ ಸೈಕಲ್ಲಿನಲ್ಲಿ ಹೋಗುವಷ್ಟು ದೂರವೇ ಇರಲಿ.

ಎರಡನೇ ಹೆಜ್ಜೆ: ಕ್ಯಾಲೆಂಡರಿನಲ್ಲಿ ಗುರುತು ಹಾಕಿ

ಮೊದಲು ನಿಮ್ಮ ಪರೀಕ್ಷೆ ಮತ್ತು ಟೆಸ್ಟುಗಳ ತಿಂಗಳುಗಳಿಗೆ ಅಡ್ಡಗೆರೆ ಎಳೆಯಿರಿ. ಅಲ್ಲಿ ಕೆಲಸವಿಲ್ಲ. ಉಳಿದದ್ದರಲ್ಲಿ ಇವುಗಳಿಗೆ ಸುತ್ತು ಹಾಕಿ: ಬೇಸಿಗೆ ರಜೆ, ಶಾಲೆ ಶುರುವಾಗುವ ವಾರ, ಆಷಾಢ, ವರಮಹಾಲಕ್ಷ್ಮಿ, ಆಯುಧಪೂಜೆ, ದೀಪಾವಳಿ, ನವೆಂಬರ್ ತಿಂಗಳು, ಸಂಕ್ರಾಂತಿ. ಪ್ರತಿ ಸುತ್ತಿನ ಹಿಂದಿನ ಎರಡು ವಾರ ಕೇಳಿಕೊಂಡು ಹೋಗುವ ಹೊತ್ತು. ಹಬ್ಬದ ಹಿಂದಿನ ದಿನ ಹೋಗಿ ಕೇಳಿದರೆ ಅಷ್ಟರಲ್ಲಿ ಅವರು ಬೇರೆ ಯಾರಿಗೋ ಹೇಳಿರುತ್ತಾರೆ.

ಆಮೇಲೆ ಒಂದು ಹಾಳೆಯಲ್ಲಿ ನಿಮ್ಮ ಮನೆಯವರಿಗೆ ಚೆನ್ನಾಗಿ ಗೊತ್ತಿರುವ ಹತ್ತು ಮನೆಗಳನ್ನು ಬರೆಯಿರಿ. ಗುರುತಿಲ್ಲದ ಮನೆ ಬೇಡ. ಯಾರ ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ, ಯಾರ ಮನೆಯಲ್ಲಿ ವಯಸ್ಸಾದವರಿಬ್ಬರೇ ಇದ್ದಾರೆ, ಯಾರು ಮೇ ತಿಂಗಳಲ್ಲಿ ಊರಿಗೆ ಹೋಗುತ್ತಾರೆ, ಯಾರ ಬಾಲ್ಕನಿ ತುಂಬ ಕುಂಡಗಳಿವೆ ಎಂದು ಹೆಸರಿನ ಮುಂದೆ ಬರೆದುಕೊಳ್ಳಿ. ಕ್ಯಾಲೆಂಡರ್ ಮತ್ತು ಈ ಹಾಳೆ ಪಕ್ಕಪಕ್ಕ ಇಟ್ಟರೆ ಕೆಲಸ ತಾನಾಗಿ ಎದ್ದು ಬರುತ್ತದೆ.

ಏಪ್ರಿಲ್, ಮೇ: ಊರಿಗೆ ಹೋದವರ ಗಿಡಗಳು

ಹತ್ತು ದಿನ ಮನೆ ಬೀಗ ಹಾಕಿ ಹೊರಡುವವರ ದೊಡ್ಡ ಚಿಂತೆ ತುಳಸಿಯದು. ಗೇಟಿನೊಳಗೆ ಅಥವಾ ಮನೆ ಮುಂದೆ ಇರುವ ಕುಂಡಗಳಿಗಷ್ಟೇ ಒಪ್ಪಿಕೊಳ್ಳಿ. ಮನೆಯ ಒಳಗಿನ ಬೀಗದ ಕೈ ತೆಗೆದುಕೊಳ್ಳಬೇಡಿ. ಕೊಡಲೇಬೇಕು ಎಂದಾದರೆ ಅದು ನಿಮ್ಮ ಅಮ್ಮನ ಕೈಗೆ ಬರಲಿ, ಒಳಗೆ ಹೋಗುವಾಗ ಅವರೂ ಜೊತೆಗಿರಲಿ.

ಅವರು ಹೊರಡುವ ಮೊದಲು ಮಾಲೀಕರ ಎದುರಿಗೇ ಪ್ರತಿ ಕುಂಡದ ಫೋಟೊ ತೆಗೆಯಿರಿ. ಯಾವುದಕ್ಕೆ ಎಷ್ಟು ಚೊಂಬು, ಯಾವುದಕ್ಕೆ ದಿನ ಬಿಟ್ಟು ದಿನ ಎಂದು ಕೇಳಿ ಬರೆದುಕೊಳ್ಳಿ. ನೀರು ಹಾಕುವ ಹೊತ್ತು ಬೆಳಿಗ್ಗೆ ಬಿಸಿಲೇರುವ ಮುಂಚೆ ಅಥವಾ ಸಂಜೆ. ಬೆರಳಿನ ಒಂದು ಗೆಣ್ಣು ಮಣ್ಣೊಳಗೆ ಇಳಿಸಿ ನೋಡಿ, ಹಸಿ ಇದ್ದರೆ ಆವತ್ತು ನೀರು ಬೇಡ. ಬೇಸಿಗೆಯಲ್ಲೂ ಹೆಚ್ಚು ನೀರಿಗೆ ಬೇರು ಕೊಳೆತು ಸಾಯುವ ಗಿಡಗಳಿವೆ. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡಿ, ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಅಂಥ ನಿಂತ ತಿಳಿನೀರಿನಲ್ಲೇ. ಬಾಗಿಲ ಮುಂದೆ ಬಿದ್ದ ಪೇಪರು, ಕರಪತ್ರಗಳನ್ನು ಎತ್ತಿಡಿ, ರಾಶಿ ಬಿದ್ದಿದ್ದರೆ ಮನೆಯಲ್ಲಿ ಯಾರೂ ಇಲ್ಲವೆಂದು ಕಳ್ಳರಿಗೆ ಗೊತ್ತಾಗುತ್ತದೆ. ಎರಡು ದಿನಕ್ಕೊಮ್ಮೆ ಒಂದು ಫೋಟೊ ವಾಟ್ಸಾಪಿನಲ್ಲಿ ಕಳಿಸಿ. ಆ ಫೋಟೊ ನೋಡಿದವರು ಮುಂದಿನ ವರ್ಷವೂ ನಿಮ್ಮನ್ನೇ ಕರೆಯುತ್ತಾರೆ.

ಜೂನ್: ಪುಸ್ತಕಕ್ಕೆ ಬೈಂಡು

ಶಾಲೆ ಶುರುವಾಗುವ ವಾರ ಒಂದೊಂದು ಮಗುವಿಗೂ ಪಠ್ಯಪುಸ್ತಕ, ನೋಟ್‌ಬುಕ್ ಸೇರಿ ಇಪ್ಪತ್ತರ ಮೇಲೆ ಇರುತ್ತವೆ. ಇಬ್ಬರೂ ಕೆಲಸಕ್ಕೆ ಹೋಗುವ ಅಪ್ಪ ಅಮ್ಮ ರಾತ್ರಿ ಹನ್ನೊಂದಕ್ಕೆ ಕೂತು ಬ್ರೌನ್ ಶೀಟು ಕತ್ತರಿಸುವುದನ್ನು ನೀವೂ ನೋಡಿರುತ್ತೀರಿ. ಕಡಿಮೆ ಬಂಡವಾಳದ, ಬೇಗ ಕಲಿಯಬಹುದಾದ ಕೆಲಸ ಇದು. ಮೊದಲ ಸಲ ಇಳಿಯುವವರಿಗೆ ನಾನು ಇದನ್ನೇ ಹೇಳುವುದು.

ಪುಸ್ತಕವನ್ನು ಬಿಡಿಸಿ ಹಾಳೆಯ ಮೇಲಿಟ್ಟು ಸುತ್ತಲೂ ಎರಡು ಬೆರಳಗಲ ಬಿಟ್ಟು ಕತ್ತರಿಸಿ. ಬೆನ್ನಿನ ಜಾಗದಲ್ಲಿ ಮೇಲೂ ಕೆಳಗೂ ತ್ರಿಕೋನವಾಗಿ ಕತ್ತರಿ ಹಾಕಿದರೆ ಹಾಳೆ ಮುದುರುವುದಿಲ್ಲ. ಮೂಲೆಗಳನ್ನು ಮೊದಲು ಓರೆಯಾಗಿ ಮಡಚಿ, ಆಮೇಲೆ ಅಂಚನ್ನು ಒಳಕ್ಕೆ ಮಡಚಿ. ಟೇಪು ಹಾಳೆಯಿಂದ ಹಾಳೆಗೆ ಅಂಟಬೇಕು, ಪುಸ್ತಕದ ರಟ್ಟಿಗಲ್ಲ. ವರ್ಷದ ಕೊನೆಗೆ ಆ ಪುಸ್ತಕ ಇನ್ನೊಂದು ಮಗುವಿಗೆ ಹೋಗಬಹುದು. ಲೇಬಲ್ಲಿಗೆ ಅಳತೆಪಟ್ಟಿ ಇಟ್ಟು ಎಲ್ಲ ಪುಸ್ತಕದಲ್ಲೂ ಒಂದೇ ಎತ್ತರಕ್ಕೆ ಅಂಟಿಸಿ. ಹೆಸರು ಬರೆಯುವ ಮುಂಚೆ ಕಾಗುಣಿತ ಕೇಳಿಕೊಳ್ಳಿ. ತನ್ನ ಹೆಸರು ತಪ್ಪಾದ ಪುಸ್ತಕ ಹಿಡಿದು ಇಡೀ ವರ್ಷ ಓಡಾಡುವ ಮಗುವಿನ ಮುಖ ನಿಮಗೆ ಬೇಡ.

ಕಾಗದ, ಟೇಪು, ಲೇಬಲ್ಲು ಅವರೇ ತಂದುಕೊಡಲಿ. ಮೊದಲ ವರ್ಷ ನಿಮ್ಮ ಕೈಯಿಂದ ದುಡ್ಡು ಹಾಕುವ ಕೆಲಸಕ್ಕೆ ಇಳಿಯಬೇಡಿ.

ಆಷಾಢ, ಶ್ರಾವಣ: ಸೀರೆ ಕುಚ್ಚು

ಕೈಗೆ ಕೊಂಚ ನಾಜೂಕು, ಕೂತು ಮಾಡುವ ತಾಳ್ಮೆ ಇರುವವರಿಗೆ ಇದಕ್ಕಿಂತ ಒಳ್ಳೆಯ ಕೆಲಸ ನಮ್ಮ ಊರುಗಳಲ್ಲಿ ಇನ್ನೊಂದಿಲ್ಲ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹುಡುಗಿಯರ ಕೆಲಸ ಎಂದು ಹುಡುಗರು ಬಿಟ್ಟುಬಿಡುತ್ತಾರೆ. ಬಿಡಬೇಡಿ, ದಾರಕ್ಕೆ ಕೈ ಯಾರದೆಂದು ಗೊತ್ತಿಲ್ಲ.

ಕ್ಯಾಲೆಂಡರ್ ಇಲ್ಲಿ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಆಷಾಢದಲ್ಲಿ ಮದುವೆಗಳಿಲ್ಲ, ಸೀರೆ ಅಂಗಡಿಗಳು ರಿಯಾಯಿತಿ ಹಾಕುತ್ತವೆ. ಆಗ ಕೊಂಡ ಸೀರೆಯನ್ನು ಶ್ರಾವಣದ ಹುಣ್ಣಿಮೆಗೆ ಮುಂಚಿನ ಶುಕ್ರವಾರ, ಅಂದರೆ ವರಮಹಾಲಕ್ಷ್ಮಿ ಹಬ್ಬಕ್ಕೆ ಉಡಬೇಕು. ನಡುವಿನ ಮೂರು ನಾಲ್ಕು ವಾರಗಳಲ್ಲಿ ಫಾಲ್ಸು, ಬ್ಲೌಸು, ಕುಚ್ಚು ಎಲ್ಲ ಆಗಬೇಕು. ಟೈಲರುಗಳ ಬಳಿ ಸೀರೆಗಳು ಗುಡ್ಡೆ ಬೀಳುವುದು ಆಗಲೇ. ಗೊತ್ತಿರುವ ಟೈಲರಮ್ಮ ಇದ್ದರೆ "ಅಕ್ಕಾ, ಸಿಂಪಲ್ ಕುಚ್ಚಿಂದು ನಂಗೆ ಕೊಡಿ" ಎಂದು ಆಷಾಢದ ಮೊದಲ ವಾರವೇ ಹೇಳಿಡಿ.

ಕಲಿಯುವ ಕ್ರಮ ಹೀಗಿರಲಿ.

1. ಮೊದಲು ಅಮ್ಮನ ಹಳೆಯ ಕಾಟನ್ ಸೀರೆಯ ಮೇಲೆ ಎರಡು ಸಲ ಪೂರ್ತಿ ಹಾಕಿ ಕಲಿಯಿರಿ. ಸೆರಗಿನ ಅಗಲ ಸುಮಾರು 45 ಅಂಗುಲ. ಅಂಗುಲಕ್ಕೊಂದರಂತೆ ಹಾಕಿದರೂ ನಲವತ್ತೈದು ಕುಚ್ಚು. ಹತ್ತನೆಯದು ಚೆಂದ ಬಂದು ನಲವತ್ತನೆಯದು ಸಡಿಲವಾದರೆ ಇನ್ನೂ ಕಲಿಕೆ ಮುಗಿದಿಲ್ಲ.

2. ಸೀರೆ ತೆಗೆದುಕೊಳ್ಳುವಾಗ ಕೊಡುವವರ ಎದುರಿಗೇ ಸೆರಗು ಬಿಡಿಸಿ ನೋಡಿ. ಕಲೆ, ಎಳೆ ಕಿತ್ತದ್ದು, ಚಿಕ್ಕ ತೂತು ಏನಿದ್ದರೂ ತೋರಿಸಿ ಫೋಟೊ ತೆಗೆದಿಟ್ಟುಕೊಳ್ಳಿ. ಆಮೇಲೆ "ನಿಮ್ಮಲ್ಲಿ ಆಗಿದ್ದು" ಎಂಬ ಮಾತಿಗೆ ಜಾಗ ಉಳಿಯಬಾರದು.

3. ದಾರದ ಬಣ್ಣವನ್ನು ಹಗಲು ಬೆಳಕಿನಲ್ಲಿ ಸೀರೆಯ ಪಕ್ಕ ಇಟ್ಟು ನೋಡಿ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಒಂದೇ ಆಗಿ ಕಂಡ ಎರಡು ಹಸಿರು ಬಿಸಿಲಿಗೆ ಬಂದರೆ ಬೇರೆ ಬೇರೆ. ಬಣ್ಣ ಅವರೇ ಒಪ್ಪಿದ ಮೇಲೆ ಶುರು ಮಾಡಿ.

4. ಅಂಚು ಬಿಚ್ಚಿಕೊಳ್ಳದಂತೆ ಮೊದಲು ಮಡಚಿ ಹೊಲಿದಿರಬೇಕು. ಸೆರಗಿನ ಒಳಬದಿಗೆ ಚಾಕ್‌ಪೀಸಿನಲ್ಲಿ ಸಣ್ಣ ಚುಕ್ಕೆಯಿಟ್ಟು ಸಮ ಅಂತರ ಗುರುತು ಮಾಡಿಕೊಳ್ಳಿ, ಪೆನ್ನು ಮುಟ್ಟಿಸಬೇಡಿ.

5. ರೇಷ್ಮೆ ದಾರದ ಎಳೆಗಳನ್ನು ಒಟ್ಟು ಮಾಡಿ ಸೂಜಿಯಿಂದ ಅಂಚಿನೊಳಗೆ ತೂರಿಸಿ, ಸಮನಾಗಿ ಮಡಚಿ, ಕತ್ತಿನ ಜಾಗದಲ್ಲಿ ಜರಿ ದಾರ ಸುತ್ತಿ ಬಿಗಿಯಾಗಿ ಗಂಟು ಹಾಕಿ. ಪ್ರತಿ ಕುಚ್ಚಿಗೂ ಎಳೆಗಳ ಲೆಕ್ಕ ಒಂದೇ ಇರಲಿ, ಹೆಚ್ಚು ಕಡಿಮೆ ಆದರೆ ದೂರದಿಂದಲೇ ಕಾಣುತ್ತದೆ. ಎಲ್ಲ ಮುಗಿದ ಮೇಲೆ ರಟ್ಟಿನ ಪಟ್ಟಿ ಹಿಡಿದು ಒಂದೇ ಉದ್ದಕ್ಕೆ ಕತ್ತರಿಸಿ. ಒಂದೊಂದನ್ನೇ ಕಣ್ಣಳತೆಯಲ್ಲಿ ಕತ್ತರಿಸಿದವರು ಕೊನೆಗೆ ಎಲ್ಲವನ್ನೂ ಗಿಡ್ಡ ಮಾಡಿಬಿಡುತ್ತಾರೆ.

6. ನೆಲಕ್ಕೆ ಒಗೆದ ಬೆಡ್‌ಶೀಟು ಹಾಸಿ, ಕೈ ತೊಳೆದು ಒರೆಸಿ ಕೂರಿ. ತಲೆಗೆ ಎಣ್ಣೆ ಹಚ್ಚಿದ ದಿನ, ಕೈಗೆ ಅರಿಶಿನ ತಾಗಿದ ದಿನ ರೇಷ್ಮೆ ಮುಟ್ಟಬೇಡಿ. ಕಾಫಿ ಲೋಟ ಆ ಕೋಣೆಗೇ ಬರುವುದು ಬೇಡ.

ಮೊದಲ ಹಬ್ಬಕ್ಕೆ ಮೂರೇ ಸೀರೆ ಒಪ್ಪಿಕೊಳ್ಳಿ. ಶಾಲೆ ಇರುವ ದಿನ ಸಂಜೆ ಒಂದೂವರೆ ಗಂಟೆ ಕೂತರೆ ಎಷ್ಟು ಕುಚ್ಚು ಆಗುತ್ತದೆಂದು ಎಣಿಸಿ, ಅದರ ಮೇಲೆ ಎರಡು ದಿನ ಹೆಚ್ಚಿಗೆ ಸೇರಿಸಿ ತಾರೀಖು ಹೇಳಿ. ಹಬ್ಬದ ಸೀರೆ ಹಬ್ಬದ ಮಾರನೇ ದಿನ ಕೊಟ್ಟರೆ ಆ ಬೀದಿಯಲ್ಲಿ ಮತ್ತೆ ಯಾರೂ ಕೊಡುವುದಿಲ್ಲ.

ಆಯುಧಪೂಜೆ: ಗಾಡಿ ತೊಳೆಯುವುದು

ಮಹಾನವಮಿಯ ಹಿಂದಿನ ಮೂರು ದಿನ ಪ್ರತಿ ಮನೆಯ ಸ್ಕೂಟರು, ಕಾರು, ಸೈಕಲ್ಲು ಎಲ್ಲ ತೊಳೆಯಬೇಕು. ಎರಡು ಬಕೆಟ್ ಇಟ್ಟುಕೊಳ್ಳಿ, ಒಂದರಲ್ಲಿ ಗಾಡಿ ತೊಳೆಯುವ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಗಾಡಿ ನೆರಳಲ್ಲಿರಲಿ, ಎಂಜಿನ್ ಆರಿರಲಿ. ಮೇಲಿನಿಂದ ಕೆಳಕ್ಕೆ ಬನ್ನಿ. ಚಕ್ರಕ್ಕೆ ಬೇರೆ ಬಟ್ಟೆ, ಅದರ ಮರಳು ಗಾಡಿಯ ಮೈಗೆ ತಾಗಿದರೆ ಗೀರು ಬೀಳುತ್ತದೆ. ಪಾತ್ರೆ ತೊಳೆಯುವ ಸೋಪು ಬಣ್ಣದ ಹೊಳಪನ್ನು ತಿನ್ನುತ್ತದೆ, ಬೇಡ. ಸೈಲೆನ್ಸರಿನ ಬಾಯಿಗೂ ಕೀ ಹಾಕುವ ತೂತಿಗೂ ನೀರು ಹೊಡೆಯಬೇಡಿ. ಎಲೆಕ್ಟ್ರಿಕ್ ಸ್ಕೂಟರಾದರೆ ಚಾರ್ಜಿಂಗ್ ಮುಚ್ಚಳ ಹಾಕಿದೆಯೇ ನೋಡಿ, ಬರೀ ಒದ್ದೆ ಬಟ್ಟೆಯಲ್ಲಿ ಒರೆಸಿ. ಗಾಡಿಯನ್ನು ಆಚೀಚೆ ನಿಲ್ಲಿಸುವುದು ಮಾಲೀಕರ ಕೆಲಸ. ಕೀ ನಿಮ್ಮ ಕೈಗೆ ಬರುವುದೇ ಬೇಡ.

ಬೆಂಗಳೂರಿನವರಿಗೆ ಒಂದು ಮಾತು. 2024ರ ಮಾರ್ಚಿನಲ್ಲಿ, ನೀರಿನ ಬರ ಬಂದಾಗ, ಜಲಮಂಡಳಿ ಕುಡಿಯುವ ನೀರಿನಲ್ಲಿ ಗಾಡಿ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಇಟ್ಟಿತು, 2025ರ ಬೇಸಿಗೆಗೂ ಅದೇ ಆದೇಶ ಬಂತು. ಎಲ್ಲೇ ಇದ್ದರೂ ಪೈಪು ಹಿಡಿಯಬೇಡಿ. ಮಳೆನೀರು, ಆರ್‌ಓ ಯಂತ್ರ ಹೊರಗೆ ಬಿಡುವ ನೀರು ಬಕೆಟ್ಟಿನಲ್ಲಿ ಹಿಡಿದಿಟ್ಟರೆ ಒಂದು ಸ್ಕೂಟರಿಗೆ ಅರ್ಧ ಬಕೆಟ್ ಸಾಕು.

ಪೂಜೆಯ ಸಂಜೆ ಇನ್ನೊಂದು ಕೆಲಸ ಇದೆ, ಯಾರೂ ಅದನ್ನು ಕೆಲಸವೆಂದು ನೋಡುವುದಿಲ್ಲ. ರಸ್ತೆಯಲ್ಲಿ ಒಡೆದ ಬೂದುಗುಂಬಳದ ಹೋಳಿನ ಮೇಲೆ ಬೈಕಿನವರು ಜಾರಿ ಬೀಳುತ್ತಾರೆ. ಅಪಾರ್ಟ್‌ಮೆಂಟಿನ ಸಂಘದವರಿಗೆ ಮುಂಚೆಯೇ ಹೇಳಿ, ಗೇಟಿನ ಒಳಗಿನ ಹೋಳು, ನಿಂಬೆಹಣ್ಣು, ಬಾಳೆಕಂದು ಗುಡಿಸಿ ಹಸಿಕಸಕ್ಕೆ ಹಾಕುವುದನ್ನು ಇಬ್ಬರು ಗೆಳೆಯರು ಸೇರಿ ಒಪ್ಪಿಕೊಳ್ಳಬಹುದು. ನಿಮ್ಮ ಮನೆ ಮುಂದಿನ ರಸ್ತೆಯದನ್ನು ಮಾತ್ರ ದುಡ್ಡಿಲ್ಲದೆ ಗುಡಿಸಿಬಿಡಿ.

ನವೆಂಬರ್: ಹಿರಿಯರ ಮೊಬೈಲು

ಕೇಂದ್ರ ಸರ್ಕಾರದ ಪಿಂಚಣಿದಾರರು ಪ್ರತಿ ನವೆಂಬರಿನಲ್ಲಿ ಜೀವಂತ ಪ್ರಮಾಣಪತ್ರ ಸಲ್ಲಿಸಬೇಕು, 80 ದಾಟಿದವರು ಅಕ್ಟೋಬರಿನಿಂದಲೇ ಸಲ್ಲಿಸಬಹುದು. ಈಗ ಜೀವನ್ ಪ್ರಮಾಣ್ ಆ್ಯಪಿನಲ್ಲಿ ಮುಖ ತೋರಿಸಿ ಮನೆಯಿಂದಲೇ ಮುಗಿಸಬಹುದು, ಆದರೆ ಎಪ್ಪತ್ತೈದರ ಅಜ್ಜನಿಗೆ ಕ್ಯಾಮೆರಾ ಎಲ್ಲಿ ನೋಡಬೇಕೆಂದೇ ಗೊತ್ತಾಗುವುದಿಲ್ಲ. ಬೆಳಕು ಮುಖದ ಮೇಲೆ ಬೀಳುವಂತೆ ಕೂರಿಸಿ, ಪಕ್ಕದಲ್ಲಿ ಕೂತು ಹೇಳಿಕೊಡಿ. ಅಕ್ಷರ ದೊಡ್ಡದು ಮಾಡುವುದು, ಕನ್ನಡ ಕೀಲಿಮಣೆ ಹಾಕಿಕೊಡುವುದು, ತುಂಬಿಹೋದ ವಾಟ್ಸಾಪ್ ವಿಡಿಯೊ ಅಳಿಸುವುದು ಕೂಡ ಇದೇ ಬಗೆಯ ಕೆಲಸ.

ಇಲ್ಲಿ ನಿಯಮ ಕಟ್ಟುನಿಟ್ಟು. ಒಟಿಪಿಯನ್ನು ಅವರೇ ಓದಿ ಅವರೇ ಒತ್ತಬೇಕು, ಪಿನ್ ಒತ್ತುವಾಗ ನೀವು ಮುಖ ತಿರುಗಿಸಬೇಕು. ಬ್ಯಾಂಕಿನ ಆ್ಯಪು ಮುಟ್ಟುವಂತಿಲ್ಲ. "ನೀನೇ ಮಾಡಪ್ಪ, ನಂಗೆ ಗೊತ್ತಾಗಲ್ಲ" ಎಂದು ಅವರೇ ಒತ್ತಾಯಿಸಿದರೂ ಒಪ್ಪಬೇಡಿ, "ಅಜ್ಜಾ, ಇದನ್ನ ಬ್ಯಾಂಕಲ್ಲೇ ಕೇಳೋಣ" ಅನ್ನಿ. ಆ ಮನೆಯ ಇನ್ನೊಬ್ಬರು ಎದುರಿಗಿದ್ದಾಗ ಮಾತ್ರ ಕೂರಿ. ನಾಳೆ ಅವರ ಖಾತೆಯಿಂದ ಬೇರೆ ಯಾರೋ ದುಡ್ಡು ಹೊಡೆದರೂ ಮೊದಲ ಅನುಮಾನ ಮೊಬೈಲು ಮುಟ್ಟಿದವರ ಮೇಲೆ ಬರುತ್ತದೆ.

ಸಂಕ್ರಾಂತಿ: ಎಳ್ಳು ಬೆಲ್ಲ

ಜನವರಿ ಮೊದಲ ವಾರ ಹಳೇ ಮೈಸೂರು ಕಡೆಯ ಮನೆಗಳಲ್ಲಿ ಕೊಬ್ಬರಿ ಹೆಚ್ಚುವುದು ಶುರು. ಗಿಟುಕಿನ ಕರಿ ಸಿಪ್ಪೆ ಹೆರೆದು, ಸಣ್ಣಗೆ ಹೆಚ್ಚಿ ಬಿಸಿಲಿಗೆ ಹಾಕಬೇಕು. ಬೆಲ್ಲವನ್ನು ಅದೇ ಅಳತೆಗೆ ತುಂಡು ಮಾಡಬೇಕು, ಹುರಿದ ಕಡಲೆಬೀಜದ ಸಿಪ್ಪೆ ಉಜ್ಜಿ ಬೇಳೆ ಮಾಡಬೇಕು. ಮೊಣಕೈ ನೋವಿರುವ ಅಜ್ಜಿಯರಿಗೆ ಇದು ದೊಡ್ಡ ಕೆಲಸ. ಅವರ ಸಾಮಾನು, ಅವರ ಮನೆ, ನಿಮ್ಮ ಕೈಕೆಲಸ, ಹಾಗೆ ಮಾಡಿ. ನೀವೇ ಸಾಮಾನು ತಂದು ಪ್ಯಾಕೆಟ್ ಕಟ್ಟಿ ಮಾರಲು ಹೊರಟರೆ ಅದು ಆಹಾರ ವ್ಯಾಪಾರವಾಗುತ್ತದೆ, ಅದಕ್ಕೆ ಆಹಾರ ಸುರಕ್ಷತೆಯ ನೋಂದಣಿ ಬೇಕು. ಸಕ್ಕರೆ ಅಚ್ಚಿನ ಕುದಿಯುವ ಪಾಕ ಮಾತ್ರ ದೊಡ್ಡವರಿಗೇ ಬಿಡಿ.

ವರ್ಷವಿಡೀ ನಡೆಯುವ ಒಂದು: ಕನ್ನಡ ಓದಿಸುವುದು

2015ರ ಕನ್ನಡ ಭಾಷಾ ಕಲಿಕಾ ಕಾಯ್ದೆ ಬಂದಮೇಲೆ ರಾಜ್ಯದ ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳಲ್ಲೂ ಕನ್ನಡ ಕಲಿಸಬೇಕಾಗಿದೆ. ಮನೆಯಲ್ಲಿ ಬೇರೆ ಭಾಷೆ ಆಡುವ ಮಕ್ಕಳು, ಕನ್ನಡವನ್ನೇ ಆಡಿದರೂ ಓದಲು ಬಾರದ ಮಕ್ಕಳು ಪ್ರತಿ ಅಪಾರ್ಟ್‌ಮೆಂಟಿನಲ್ಲೂ ಇದ್ದಾರೆ. ದೊಡ್ಡ ಟ್ಯೂಷನ್ನಿನವರಿಗೆ ಗಣಿತ, ವಿಜ್ಞಾನ ಸಾಕು. ಈ ಜಾಗ ಖಾಲಿ ಇದೆ, ಕನ್ನಡ ಮಾಧ್ಯಮದಲ್ಲಿ ಓದಿದ ಹತ್ತನೇ ಕ್ಲಾಸಿನವರು ಅದನ್ನು ಧೈರ್ಯವಾಗಿ ತುಂಬಬಹುದು.

ಎರಡನೆಯಿಂದ ಐದನೇ ಕ್ಲಾಸಿನ ಮಕ್ಕಳು, ಒಮ್ಮೆಗೆ ಮೂವರಿಗಿಂತ ಹೆಚ್ಚು ಬೇಡ, ವಾರಕ್ಕೆ ಮೂರು ದಿನ, ಮುಕ್ಕಾಲು ಗಂಟೆ. ಮೊದಲ ದಿನ ಪಾಠ ಮಾಡಬೇಡಿ, ಓದಿಸಿ ನೋಡಿ ಎಲ್ಲಿ ತಡವರಿಸುತ್ತದೆ ಎಂದು ಬರೆದುಕೊಳ್ಳಿ. ಬಹಳ ಮಕ್ಕಳು ಸಿಕ್ಕಿಬೀಳುವುದು ಒತ್ತಕ್ಷರದಲ್ಲಿ, ಆಮೇಲೆ ಅಲ್ಪಪ್ರಾಣ ಮಹಾಪ್ರಾಣದಲ್ಲಿ. ಕಾಗುಣಿತವನ್ನು ಗಿಳಿಪಾಠ ಒಪ್ಪಿಸುವುದಕ್ಕಿಂತ ಅಂಗಡಿ ಬೋರ್ಡು, ಬಸ್ಸಿನ ಫಲಕ, ಬಿಸ್ಕತ್ತಿನ ಪ್ಯಾಕೆಟ್ಟು ಓದಿಸಿ. ಮಗು ತಾನೇ ಒಂದು ಬಸ್ಸಿನ ಬೋರ್ಡು ಓದಿದ ದಿನ ಆ ತಾಯಿ ಇನ್ನಿಬ್ಬರು ತಾಯಂದಿರಿಗೆ ಹೇಳುತ್ತಾಳೆ. ಬಾಗಿಲು ತೆರೆದಿರಲಿ, ಮಗುವಿನ ಮನೆಯ ದೊಡ್ಡವರು ಒಬ್ಬರು ಮನೆಯಲ್ಲಿರಲಿ. ಮಗುವನ್ನು ಹೊಡೆಯುವ, ಬಯ್ಯುವ ಹಕ್ಕು ನಿಮಗಿಲ್ಲ.

ದರ ಹೇಳುವುದು ಹೇಗೆ

ಬಹಳ ಮಕ್ಕಳು ಸೋಲುವುದು ಇಲ್ಲಿ. ನಾನು ಎಂಟನೇ ಕ್ಲಾಸು ಮುಗಿಸಿದ ಬೇಸಿಗೆ, ನಮ್ಮ ವಠಾರದ ಮೂರು ಮನೆಯ ಮಕ್ಕಳ ಪುಸ್ತಕಗಳಿಗೆ ಬೈಂಡು ಹಾಕಿಕೊಟ್ಟೆ. ದುಡ್ಡಿನ ಮಾತು ಮೊದಲೇ ಆಡಿರಲಿಲ್ಲ. ಒಂದು ಮನೆಯವರು ದುಡ್ಡು ಕೊಟ್ಟರು, ಒಂದು ಮನೆಯವರು ಕೋಡುಬಳೆ ಕೊಟ್ಟರು, ಮೂರನೇ ಮನೆಯವರು ಬೆನ್ನು ತಟ್ಟಿ "ಜಾಣೆ" ಅಂದರು. ಯಾರದೂ ತಪ್ಪಿರಲಿಲ್ಲ, ನಾನು ಕೇಳಿರಲಿಲ್ಲ. ಆದರೂ ಆ ರಾತ್ರಿ ಅತ್ತಿದ್ದು ಇವತ್ತಿಗೂ ನೆನಪಿದೆ.

ಲೆಕ್ಕ ಹೀಗೆ ಹಾಕಿ. ಐದು ಪುಸ್ತಕಕ್ಕೆ ಬೈಂಡು ಹಾಕಿ ಗಡಿಯಾರ ನೋಡಿ. 20 ನಿಮಿಷ ಹಿಡಿದರೆ ಗಂಟೆಗೆ 15 ಪುಸ್ತಕ. ಪುಸ್ತಕಕ್ಕೆ 5 ರೂಪಾಯಿ ಅಂದರೆ ಗಂಟೆಗೆ 75 ಬರುತ್ತದೆ. ಅದು ನಿಮಗೆ ಒಪ್ಪಿಗೆಯಾಗದಿದ್ದರೆ ದರ ಏರಿಸಿ ಅಥವಾ ಕೈ ಚುರುಕು ಮಾಡಿ. ಕುಚ್ಚಿಗಾದರೆ ನಿಮ್ಮ ಊರಿನ ಟೈಲರು ಅದೇ ವಿನ್ಯಾಸಕ್ಕೆ ಎಷ್ಟು ತೆಗೆದುಕೊಳ್ಳುತ್ತಾರೆಂದು ಕೇಳಿ, ಮೊದಲ ಮೂರು ಸೀರೆಗೆ ಅದಕ್ಕಿಂತ ಸ್ವಲ್ಪ ಕಡಿಮೆ ಹೇಳಿ. ಕೈ ಕುದುರಿದ ಮೇಲೆ ಅವರಷ್ಟೇ ಹೇಳಿ.

ಮಾತು ನೇರವಾಗಿರಲಿ. "ಆಂಟಿ, ಈ ಸಲ ಬುಕ್ಕಿಗೆಲ್ಲ ಬೈಂಡು ನಾನು ಹಾಕಿಕೊಡ್ತೀನಿ. ಒಂದಕ್ಕೆ ಐದು ರೂಪಾಯಿ. ಶೀಟು, ಲೇಬಲ್ಲು ನೀವು ಕೊಡಿ. ಶನಿವಾರ ಕೊಟ್ರೆ ಸೋಮವಾರ ಬೆಳಿಗ್ಗೆ ರೆಡಿ ಇರುತ್ತೆ." ಇಷ್ಟು ಸಾಕು. "ಪಕ್ಕದ ಮನೆ ಹುಡುಗ, ನಿಂಗ್ಯಾಕೋ ದುಡ್ಡು?" ಎಂದು ನಕ್ಕರೆ ನೀವೂ ನಕ್ಕು, "ರಜೆಯಲ್ಲಿ ದುಡಿದು ಸೈಕಲ್ ಟೈರ್ ಹಾಕಿಸ್ಬೇಕು ಆಂಟಿ" ಎಂದು ನಿಜವನ್ನೇ ಹೇಳಿ. ಇಲ್ಲಿ ಒಂದು ಗೆರೆ ಮುಖ್ಯ. ಇದುವರೆಗೆ ಸುಮ್ಮನೆ ಮಾಡಿಕೊಡುತ್ತಿದ್ದ ಸಹಾಯಕ್ಕೆ, ಅಂಗಡಿಯಿಂದ ಕರಿಬೇವು ತಂದುಕೊಡುವುದಕ್ಕೆ, ಅಜ್ಜಿಯ ಚೀಲ ಮೇಲೆ ಹೊತ್ತುಕೊಡುವುದಕ್ಕೆ, ಇವತ್ತಿನಿಂದ ದುಡ್ಡು ಕೇಳಬೇಡಿ. ಹೊಸದಾಗಿ ಹಿಡಿದ ಕೆಲಸಕ್ಕೆ ಮಾತ್ರ ದರ.

18 ತುಂಬದವರ ಜೊತೆಗಿನ ಒಪ್ಪಂದ ಕಾನೂನಿನಲ್ಲಿ ನಿಲ್ಲುವುದಿಲ್ಲ. ಹಾಗಾಗಿ ದುಡ್ಡು ಬಾರದಿದ್ದರೆ ನಿಮಗಿರುವುದು ಮನೆಯ ದೊಡ್ಡವರ ಮಾತು ಮಾತ್ರ. ಎರಡು ಸಲ ನೀವೇ ಕೇಳಿ, ಮೂರನೇ ಸಲ ಅಮ್ಮನನ್ನು ಕರೆದುಕೊಂಡು ಹೋಗಿ. ಆಮೇಲೂ ಬರದಿದ್ದರೆ ಆ ಹೆಸರನ್ನು ನಿಮ್ಮ ಹಾಳೆಯಿಂದ ಹೊಡೆದುಹಾಕಿ.

ಬೇಡ ಎನ್ನಬೇಕಾದವು

ದೀಪಾವಳಿಯ ಪಟಾಕಿ ಅಂಗಡಿ ಬೇಡ, ಎಷ್ಟೇ ಕೊಟ್ಟರೂ. ನೀರಿನ ಟ್ಯಾಂಕು, ಸಂಪಿನೊಳಗೆ ಇಳಿಯುವುದು ಬೇಡ, ಅಲ್ಲಿ ಉಸಿರು ಕಟ್ಟಿ ದೊಡ್ಡವರೇ ಸತ್ತಿದ್ದಾರೆ. ತೆಂಗು, ಅಡಿಕೆ ಮರ ಹತ್ತುವುದು, ತೋಟಕ್ಕೆ ಔಷಧಿ ಹೊಡೆಯುವುದು, ಪೆಂಡಾಲಿನ ಏಣಿ, ವೈರು ಇವೂ ಅಷ್ಟೇ. ಮದುವೆಮನೆಯಲ್ಲಿ ಬಡಿಸಲು ಕ್ಯಾಟರಿಂಗಿಗೆ ಹೋಗುವ ಹುಡುಗರು ಬಹಳ. ಮಧ್ಯಾಹ್ನದ ಊಟಕ್ಕಾದರೆ, ಗೊತ್ತಿರುವ ದೊಡ್ಡವರ ಜೊತೆ, ಎಲೆ ಹಾಸುವುದು, ನೀರು, ಉಪ್ಪು, ಪಲ್ಯ ಬಡಿಸುವುದಷ್ಟೇ ಒಪ್ಪಿಕೊಳ್ಳಿ. ಕುದಿಯುವ ಸಾರಿನ ಬಕೆಟ್ ಎತ್ತಬೇಡಿ, ರಾತ್ರಿ ರಿಸೆಪ್ಷನ್ನಿಗೆ ಹೋಗಬೇಡಿ.

ಮೊಬೈಲಿನಲ್ಲಿ ಬರುವ "ಮನೆಯಲ್ಲೇ ಕೂತು ಟಾಸ್ಕ್ ಮಾಡಿ" ಕೆಲಸಗಳು ಮೊದಲು ಸ್ವಲ್ಪ ದುಡ್ಡು ಹಾಕಿ ನಂಬಿಸಿ, ಆಮೇಲೆ ನಿಮ್ಮಿಂದಲೇ ಕಟ್ಟಿಸಿಕೊಳ್ಳುತ್ತವೆ. ಅದಕ್ಕಿಂತ ಕೆಟ್ಟದ್ದು ಬ್ಯಾಂಕ್ ಖಾತೆ ಬಾಡಿಗೆಗೆ ಕೇಳುವವರು. "ನಿನ್ನ ಅಕೌಂಟಿಗೆ ದುಡ್ಡು ಬರುತ್ತೆ, ನೀನು ಮುಂದೆ ಕಳಿಸು, ಕಮಿಷನ್ ಇಟ್ಕೋ" ಅಂದರೆ ಅದು ಮೋಸ ಮಾಡಿದ ದುಡ್ಡು. ಪೊಲೀಸರು ಬರುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ. ಈಗಾಗಲೇ ಸಿಕ್ಕಿಕೊಂಡಿದ್ದರೆ ಮುಚ್ಚಿಡದೆ ಅವತ್ತೇ ಮನೆಯಲ್ಲಿ ಹೇಳಿ, ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ದುಡ್ಡು ಎಲ್ಲಿಡುವುದು

ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಯಾರ ಮನೆ, ಏನು ಕೆಲಸ, ಹೇಳಿದ್ದು ಎಷ್ಟು, ಬಂದದ್ದು ಎಷ್ಟು ಎಂದು ಐದು ಕಾಲಂ ಎಳೆಯಿರಿ. ದಾರ, ಮಣಿಗೆ ಖರ್ಚು ಮಾಡಿದ್ದನ್ನು ಕೆಂಪಿನಲ್ಲಿ ಬರೆಯಿರಿ. 10 ವರ್ಷ ದಾಟಿದ ಮಕ್ಕಳು ತಮ್ಮ ಹೆಸರಿನಲ್ಲಿ ಉಳಿತಾಯ ಖಾತೆ ತೆರೆದು ತಾವೇ ನಡೆಸಬಹುದು ಎಂದು ರಿಸರ್ವ್ ಬ್ಯಾಂಕು 2025ರ ಏಪ್ರಿಲ್ ಸುತ್ತೋಲೆಯಲ್ಲಿ ಮತ್ತೆ ಸ್ಪಷ್ಟ ಮಾಡಿದೆ, ಎಷ್ಟು ಮೊತ್ತದವರೆಗೆ ಎನ್ನುವುದನ್ನು ಆಯಾ ಬ್ಯಾಂಕು ಗೊತ್ತು ಮಾಡುತ್ತದೆ. ಅಂಚೆ ಕಚೇರಿಯಲ್ಲಿ 500 ರೂಪಾಯಿಗೆ ಖಾತೆ ಶುರುವಾಗುತ್ತದೆ. ಮಕ್ಕಳ ಆದಾಯವನ್ನು ಸಾಮಾನ್ಯವಾಗಿ ಅಪ್ಪ ಅಮ್ಮನ ಆದಾಯಕ್ಕೆ ಸೇರಿಸಿ ತೆರಿಗೆ ಲೆಕ್ಕ ಹಾಕುತ್ತಾರೆ, ಆದರೆ ಮಗು ತನ್ನ ಕೈಕೆಲಸದಿಂದ, ಕೌಶಲದಿಂದ ದುಡಿದದ್ದನ್ನು ಹಾಗೆ ಸೇರಿಸುವುದಿಲ್ಲ.

ಮನೆಯಲ್ಲಿ ಕಷ್ಟವಿದ್ದು, ಬಂದ ದುಡ್ಡೆಲ್ಲ ದಿನಸಿಗೆ ಹೋಗುವ ಮಕ್ಕಳೂ ಇದನ್ನು ಓದುತ್ತಿರಬಹುದು. ಅವರಿಗೆ ಉಳಿಸು ಎಂದು ಉಪದೇಶ ಮಾಡುವ ಮನಸ್ಸು ನನಗಿಲ್ಲ. ಆದರೆ ಕೆಲಸಕ್ಕಾಗಿ ಶಾಲೆ ತಪ್ಪುವ ದಿನ ಬಂದರೆ ಒಬ್ಬ ಮೇಷ್ಟರಿಗಾದರೂ ಹೇಳಿ. ವಿದ್ಯಾರ್ಥಿವೇತನ, ಹಾಸ್ಟೆಲ್ ಸೀಟುಗಳ ದಾರಿ ಅವರಿಗೆ ಗೊತ್ತಿರುತ್ತದೆ.

ಫೆಬ್ರವರಿ: ನಿಲ್ಲಿಸುವುದು

ಪರೀಕ್ಷೆಗೆ ಒಂದು ತಿಂಗಳಿದ್ದಾಗ ಸುಮ್ಮನೆ ಕಾಣೆಯಾಗಬೇಡಿ. ಸಂಕ್ರಾಂತಿ ಮುಗಿದ ವಾರವೇ ಟ್ಯೂಷನ್ ಮಕ್ಕಳ ತಾಯಂದಿರಿಗೆ ಹೇಳಿ: "ಫೆಬ್ರವರಿ, ಮಾರ್ಚು ನಂಗೆ ಪರೀಕ್ಷೆ, ಏಪ್ರಿಲ್‌ನಲ್ಲಿ ಮತ್ತೆ ಬರ್ತೀನಿ." ಮಗು ಯಾವ ಪಾಠದವರೆಗೆ ಬಂದಿದೆ, ಯಾವ ಒತ್ತಕ್ಷರ ಇನ್ನೂ ತಪ್ಪುತ್ತದೆ ಎಂದು ಒಂದು ಚೀಟಿ ಬರೆದುಕೊಡಿ. ಉಳಿದ ದಾರ, ಮಣಿ, ಸೂಜಿಗಳನ್ನು ಡಬ್ಬಿಗೆ ಹಾಕಿ ಮೇಲಿಡಿ. ಹೊಸ ವರ್ಷದ ಕ್ಯಾಲೆಂಡರಿಗೆ ಹಳೆಯದರ ಪೆನ್ಸಿಲ್ ಗುರುತುಗಳನ್ನು ಇಳಿಸಿಕೊಳ್ಳಿ, ಯಾರ ಮನೆಯ ಸೀರೆ, ಯಾರ ಮನೆಯ ತುಳಸಿ, ಯಾರು ಕೇಳದೆಯೇ ಕೈಗೆ ಕೊಟ್ಟರು ಎಂಬುದನ್ನೂ ಸೇರಿಸಿ. ಆಮೇಲೆ ಅದನ್ನು ಗೋಡೆಗೆ ಹಾಕಿ ಓದಲು ಕೂರಿ.